ತೊಳೆದ ಡಬ್ಬಿ

ಮಗಳೇ,

ಹೇಗಿದ್ದೀಯ? ನಿನ್ನನ್ನು ಕರೆದುಕೊಂಡು ಹೋದ ಆ ಗಡ್ಡದವನು ಹೇಗಿದ್ದಾನೆ? ಇಲ್ಲಿ ನಿನ್ನಪ್ಪನ ಮಂಡಿನೋವು ಹಾಗೇ ಇದೆ. ನಿನ್ನ ಮಗಳು ಪುಟ್ಟಿಯ ಕೆಮ್ಮು ಕಡಿಮೆಯಾಗಿದೆಯಂತೆ. ನೀನು ಬಿಟ್ಟುಹೋದ ಆ ಮಗು ಇನ್ನೂ ಸರ್ಕಾರಿ ಮಕ್ಕಳ ಮನೆಯಲ್ಲೇ ಇದೆ.

ಅವಳನ್ನು ನನಗೆ ಒಪ್ಪಿಸಬೇಕಾದರೆ ನಾನು ಡ್ರಗ್ಸ್ ಮುಟ್ಟುವವಳಲ್ಲ ಎಂದು ಪರೀಕ್ಷೆಯಾಗಬೇಕಂತೆ, ಕೋರ್ಟಿನ ಆದೇಶ. ನೀನು ಸೇದಿದ್ದಕ್ಕೆ ಈ ವಯಸ್ಸಿನಲ್ಲಿ ನಾನು ಮೂತ್ರ ಹಿಡಿದು ಕೊಡಬೇಕು. ಇವತ್ತು ಹೋಗಿದ್ದೆ. ನರ್ಸಮ್ಮ ಕೊಟ್ಟ ಡಬ್ಬಿಯನ್ನು ಯಾರ್ಯಾರು ಮುಟ್ಟಿದ್ದರೋ ಎಂದು ಮೊದಲು ನಲ್ಲಿಯಲ್ಲಿ ತೊಳೆದೆ. ತಳದಲ್ಲಿ ನೀರು ಉಳಿದದ್ದು ಗಮನಿಸಲಿಲ್ಲ.

“ನೀರು ಬೆರೆಸಿದ್ದೀರಲ್ಲಾ ಅಜ್ಜಿ?”

“ಡಬ್ಬಿ ತೊಳೆದೆ ಕಣಮ್ಮ. ನಿಮ್ಮನೇಲಿ ಪಾತ್ರೆ ತೊಳೆಯಲ್ವಾ?”

“ಸಿಕ್ಕಿಬೀಳ್ತೀವಿ ಅಂತ ಹೆದರೋರೂ ಹಿಂಗೇ ಹೇಳ್ತಾರೆ. ಇದು ನಡೆಯಲ್ಲ. ಮುಂದಿನ ತಿಂಗಳು ಬನ್ನಿ.”

ಇನ್ನೊಂದು ತಿಂಗಳು ಮಗು ಅಲ್ಲೇ. ನೀನು ಎದುರಿಗಿದ್ದಿದ್ದರೆ ಕಪಾಳಕ್ಕೆ ಎರಡು ಬಿಗಿಯುತ್ತಿದ್ದೆ. ಬೈದು ಬರೆದ ಈ ಕಾಗದ ಹಾಕಲು ನಿನ್ನ ವಿಳಾಸವೂ ಗೊತ್ತಿಲ್ಲ.

ಪುಟ್ಟಿಗೆ ಫೋನಿನಲ್ಲಿ ವಿಷಯ ಹೇಳಿದೆ. ಅಳಲಿಲ್ಲ. “ಅಮ್ಮ ಊಟ ಮಾಡಿದ್ಲಾ ಅಜ್ಜಿ?” ಎಂದಳು. ಹೂಂ ಎಂದುಬಿಟ್ಟೆ.

ಊಟ ಮಾಡುತ್ತಿದ್ದೀಯೋ ಇಲ್ಲವೋ, ಅಷ್ಟನ್ನಾದರೂ ಬೇಗ ಬರೆದು ತಿಳಿಸು.