ಫ್ಲಾಸ್ಕಿನಲ್ಲಿ ಹೊರಟ ಯಜಮಾನ

ಮಾರ್ಚ್ 2, ರಾತ್ರಿ 8
ಯಜಮಾನ ಇಂದು ಎರಡು ಸಲ ನನ್ನನ್ನೇ ಹಾಯಲು ಬಂದ. ನಮ್ಮ ಆಡು ತಳಿ ಕೇಂದ್ರದ ಹೋತಗಳಲ್ಲಿ ಅವನೇ ಹಿರಿಯ, ಅದಕ್ಕೇ ಆ ಹೆಸರು. ಕೊನೆಗೂ ವೀರ್ಯ ಸಿಕ್ಕಿತು. ಮೈಕ್ರೋಸ್ಕೋಪಿನಡಿ ಅಲೆ ಅಲೆಯಾಗಿ ಓಡಾಟ. ಕೆನೆ ತೆಗೆದ ಹಾಲಿನ ದ್ರಾವಣ ಬೆರೆಸಿ ಟ್ಯೂಬನ್ನು ಐಸಿನೊಳಗೆ ಇಟ್ಟೆ. ಗಂಟೆ ಬಿಟ್ಟು ನೋಡಿದರೆ... ಸ್ಮಶಾನ. ಇದು ಐದನೇ ಸಲ.

ದೊಡ್ಡ ಡಾಕ್ಟರ್ ಕಾಗದದಿಂದ ತಲೆಯನ್ನೂ ಎತ್ತಲಿಲ್ಲ. "ಹೋತದ ವೀರ್ಯ ತಣ್ಣಗೆ ಮಾಡಿ ಊರೂರಿಗೆ ಒಯ್ಯೋಕಾಗಲ್ಲಮ್ಮ. ಹಿಂದೆ ನಾನೂ ಕೈ ಸುಟ್ಟುಕೊಂಡಿದ್ದೀನಿ. ಬಿಟ್ಟುಬಿಡು."

ಬಿಡುವುದು ಹೇಗೆ? ಮಧ್ಯಾಹ್ನ ಊರಿಂದ ಅತ್ತಿಗೆಯ ಫೋನು. ಮತ್ತೆರಡು ಮರಿ ಸತ್ತವಂತೆ. "ನಮ್ಮ ಹಟ್ಟೀಲಿ ಅಪ್ಪನೂ ಅದೇ ಹೋತ, ಅಜ್ಜನೂ ಅದೇ ಹೋತ. ಮರಿ ಎಲ್ಲಿಂದ ಗಟ್ಟಿಯಾಗುತ್ತೆ ಹೇಳು?" ಹೊಸ ಹೋತ ಬೇಕಂತೆ. ಕೇಂದ್ರದ್ದನ್ನು ಗೇಟು ದಾಟಿಸುವಂತಿಲ್ಲ, ರೋಗದ ಭಯ.

ಮಾರ್ಚ್ 3
ಗಂಡನ ಮುಂದೆ ಗೋಳು ಹೇಳಿಕೊಂಡೆ. ಅವರು ಚಪ್ಪಲಿ ಹೊಲಿಯುತ್ತಲೇ, "ಬಿಸಿಲಿಂದ ಬಂದವನನ್ನ ಒಮ್ಮೆಲೇ ಬಾವಿಗೆ ತಳ್ಳಿದ್ರೆ ಅವನಿಗೂ ಉಸಿರು ನಿಲ್ಲಲ್ವಾ?" ಎಂದರು.

ಎಷ್ಟು ಪುಸ್ತಕ ಓದಿದ್ದೇನೆ ನಾನು! ಓದಿದ್ದು ಅಟ್ಟದ ಮೇಲೆ, ಆತುರ ಕೈಯಲ್ಲಿ.

ಮಾರ್ಚ್ 5, ಬೆಳಿಗ್ಗೆ 10
ನಿನ್ನೆ ಟ್ಯೂಬನ್ನು ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ ನಿಲ್ಲಿಸಿ, ಲೋಟದ ಸಮೇತ ಫ್ರಿಜ್ಜಿಗೆ ಇಟ್ಟಿದ್ದೆ. ಐದು ಡಿಗ್ರಿಗೆ ಇಳಿಯಲು ಎರಡು ಗಂಟೆ. ಅವಸರವಿಲ್ಲ. ಈಗ ಇಪ್ಪತ್ತನಾಲ್ಕು ಗಂಟೆ ಕಳೆದಿದೆ. ಒಂದು ಹನಿ ಗಾಜಿನ ಮೇಲೆ ಬೆಚ್ಚಗೆ ಮಾಡಿ ನೋಡಿದೆ—

ಓಡುತ್ತಿವೆ! ನೂರರಲ್ಲಿ ಎಪ್ಪತ್ತು!

ಸ್ಟೂಲಿನಿಂದ ಬಿದ್ದೆ. ನಿಜವಾಗಿಯೂ.

ಮಾರ್ಚ್ 19, ಮಧ್ಯಾಹ್ನ 12.30, ಬಸ್ಸಿನಲ್ಲಿ
ಅತ್ತಿಗೆಯ ನಾಲ್ಕು ಆಡುಗಳು ನಿನ್ನೆ ಸಂಜೆ ಬೆದೆಗೆ ಬಂದಿವೆ. ಇವತ್ತೇ ಮುಟ್ಟಬೇಕು. ತೊಡೆಯ ಮೇಲೆ ಫ್ಲಾಸ್ಕು. ಐಸು ತಳದಲ್ಲಿ, ಟ್ಯೂಬುಗಳು ಬಟ್ಟೆ ಸುತ್ತಿಕೊಂಡು ಮೇಲೆ.

ಕಂಡಕ್ಟರ್ ಹಲ್ಲು ಬಿಟ್ಟ. "ಫ್ಲಾಸ್ಕಲ್ಲಿ ಟೀ ಇದೆಯಾ ಮೇಡಂ? ನಮಗೂ ಅರ್ಧ ಲೋಟ?"

"ಕುಡಿದ್ರೆ ಗಡ್ಡ ಬರುತ್ತೆ," ಎಂದೆ.

1.50
ಬಸ್ಸು ಕೆಟ್ಟು ನಿಂತಿದೆ. ಬಿಸಿಲು. ಥರ್ಮಾಮೀಟರ್ ಏಳು... ಎಂಟು. ಕಂಡಕ್ಟರನಿಗೆ ನಿಜ ಹೇಳಿಬಿಟ್ಟೆ. ಬಸ್ಸಿಡೀ ನಗು. ನಕ್ಕವನೇ ಜ್ಯೂಸ್ ಅಂಗಡಿಗೆ ಓಡಿ ಟವೆಲಿನ ತುಂಬ ಐಸು ತಂದ. ಮೀನಿನ ವ್ಯಾನನ್ನು ಅಡ್ಡಗಟ್ಟಿ, "ಇವರ ಹತ್ರ ನಾಲ್ಕು ಸಂಸಾರದ ಮಾತಿದೆ, ಹತ್ತಿಸ್ಕೋ!" ಎಂದು ಕೂಗಿದ. ವ್ಯಾನಿನಲ್ಲಿ ಕೂತು ನೋಡಿದರೆ ಥರ್ಮಾಮೀಟರ್ ಆರು ಡಿಗ್ರಿಗೆ ಇಳಿದಿತ್ತು.

ಸಂಜೆ 4.30, ಅತ್ತಿಗೆ ಮನೆ
ಚೀಲದಲ್ಲಿ ತಂದಿದ್ದ ಮೈಕ್ರೋಸ್ಕೋಪನ್ನು ಹಟ್ಟಿಯ ಜಗಲಿಯ ಮೇಲೇ ಇಟ್ಟೆ. ಕಣ್ಣಿಡಲು ಧೈರ್ಯವಾಗಲಿಲ್ಲ. ಅತ್ತಿಗೆಯೇ ಇಣುಕಿದರು. "ಅಯ್ಯೋ, ಗೊದಮೊಟ್ಟೆ ಥರ ಒದ್ದಾಡ್ತಿವೆಯಲ್ಲೇ!"

ನಾಲ್ಕು ಆಡಿಗೂ ವೀರ್ಯ ಕೊಟ್ಟೆ.

ಮೇ 6
ಸ್ಕ್ಯಾನ್ ಆಯಿತು. ನಾಲ್ಕರಲ್ಲಿ ಮೂರು ಗಬ್ಬ! ದೊಡ್ಡ ಡಾಕ್ಟರ್ ಚಿತ್ರಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ, "ನನ್ನ ಮಾತು ವಾಪಸ್ ತಗೊಂಡೆ. ಸೋಮವಾರ ಎಲ್ಲ ಸಿಬ್ಬಂದಿಗೂ ನೀನೇ ಕಲಿಸು. ನಾನೂ ಮುಂದಿನ ಬೆಂಚಲ್ಲಿ ಕೂತ್ಕೋತೀನಿ," ಎಂದರು.

ಸೋಮವಾರ ರಾತ್ರಿ
ಕೂತರು ಕೂಡ. ನೋಟ್ಸ್ ಬರೆದುಕೊಂಡರು.

ಆಗಸ್ಟ್ 16, ಬೆಳಿಗ್ಗೆ 8, ಅತ್ತಿಗೆ ಮನೆ
ಮೊದಲನೆಯದಕ್ಕೆ ಅವಳಿ. ಎರಡನೆಯದಕ್ಕೂ ಅವಳಿ. ಹುಟ್ಟಿದ ಅರ್ಧ ಗಂಟೆಗೇ ನಾಲ್ಕೂ ಎದ್ದು ನಿಂತವು. ಒಂದು ನನ್ನ ಸೀರೆ ಅಂಚನ್ನೇ ಚೀಪುತ್ತಿತ್ತು. ಅತ್ತಿಗೆ ಒಂದೊಂದನ್ನೂ ಎತ್ತಿ ತೂಗಿ ನೋಡಿ, "ಇಷ್ಟು ಭಾರದ ಮರಿ ಎತ್ತಿ ಎಷ್ಟು ಕಾಲ ಆಯ್ತೇ," ಎಂದು ಕಣ್ಣೊರೆಸಿಕೊಂಡರು. ಮೂರನೆಯದು ಚೊಚ್ಚಲು, ಒಂದೇ ಮರಿ ಹಾಕಿತು. ಮುಗಿಯಿತೆಂದು ಕೈ ತೊಳೆದು ಬರೆಯಲು ಕುಳಿತೆ. ಒಟ್ಟು ಐದು...

ಹಟ್ಟಿಯಿಂದ ಕೂಗು. "ಪುಸ್ತಕ ಬಿಸಾಕಿ ಬಾರೇ! ಇನ್ನೊಂದರ ಮೂತಿ ಕಾಣ್ತಿದೆ!"

ಆರು! ಒಟ್ಟು ಆರು! ಉಳಿದದ್ದು ಆಮೇಲೆ, ಓಡಿದೆ.