ಅದುಮುದ್ರೂ ಎತ್ತಲ್ಲ

ದೊಡ್ಡಮಳೂರು
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಪುಟ್ಟಿ ಅಪ್ಪನಿಗೆ,

ಪ್ರೀತಿಯ ಎಂದು ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು. ಆದರೂ ಬರೆದಿದ್ದೇನೆ, ಅಳಿಸುವುದಿಲ್ಲ. ಹೇಗಿದ್ದೀರಿ? ಸೋಲೂರಿನ ಮಂಡಿಯಲ್ಲಿ ತೆಂಗಿನಕಾಯಿ ಮೂಟೆ ಹೊರುತ್ತಿದ್ದೀರಂತೆ. ಒಂದು ಬಿಂದಿಗೆ ನೀರು ಎತ್ತಿದರೆ ಸೊಂಟ ಹಿಡಿದುಕೊಂಡು ಕೂರುತ್ತಿದ್ದ ಮನುಷ್ಯ ನೀವು, ಈಗ ಆ ಸೊಂಟ ಏನನ್ನುತ್ತದೆ? ದೊಡ್ಡಮ್ಮ ಗಂಗಲಕ್ಷ್ಮಮ್ಮನವರ ಮಂಡಿನೋವು ಹೇಗಿದೆ? ನೀಲಗಿರಿ ಎಣ್ಣೆ ಹಚ್ಚಿಕೊಳ್ಳಲು ಹೇಳಿ. ಇಲ್ಲಿ ಪುಟ್ಟಿಗೆ ನೆಗಡಿಯಾಗಿತ್ತು, ವಾಸಿಯಾಯಿತು. ಅತ್ತೆಯ ಕೈಗೆ ಹಾಕಿದ್ದ ಸಿಮೆಂಟು ಕಟ್ಟು ಬಿಚ್ಚಿದ್ದಾರೆ. ಬೆರಳು ಮಡಿಸುತ್ತಾರೆ, ಮುದ್ದೆ ಕಟ್ಟಲು ಇನ್ನೂ ಆಗುವುದಿಲ್ಲ. ನಾನು ಕಟ್ಟಿದ ಮುದ್ದೆಗೆ ಹೆಸರಿಡುವಷ್ಟು ಮಾತ್ರ ಗೆಲುವಾಗಿದ್ದಾರೆ.

ಇಲ್ಲಿಗೆ ಕ್ಷೇಮ ಸಮಾಚಾರ ಮುಗಿಯಿತು, ಇನ್ನು ಜಗಳ. ಈ ಕಾಲದಲ್ಲಿ ಗಂಡನಿಗೆ ಕಾಗದ ಬರೆಯುವ ಹೆಂಗಸು ಚನ್ನಪಟ್ಟಣ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ನೀವು ಫೋನ್ ಎತ್ತುವುದಿಲ್ಲ. ದೊಡ್ಡಮ್ಮನ ಫೋನಿಗೆ ಮಾಡಿದರೆ "ಅವ್ನು ಮಂಡೀಲವ್ನೆ ಕಣವ್ವ, ಬಂದ್ಮೇಲೆ ಮಾಡುಸ್ತೀನಿ" ಎನ್ನುತ್ತಾರೆ, ಅವರ ಹಿಂದಿನಿಂದ ನೀವು ಕೆಮ್ಮುವುದು ನನಗೆ ಕೇಳಿಸುತ್ತದೆ. ಇಷ್ಟು ವರ್ಷ ಬಾಳಿದವಳಿಗೆ ಗಂಡನ ಕೆಮ್ಮು ಗುರುತು ಸಿಗುವುದಿಲ್ಲ ಎಂದುಕೊಂಡಿರೇ? ಗಾಡಿ ಎತ್ತಲ್ಲ ಎಂದು ಬಾಯಿ ಬಡಿದುಕೊಂಡವರು ಈಗ ತಾವೇ ಫೋನ್ ಎತ್ತುವುದಿಲ್ಲ. ಸಂಕ್ರಾಂತಿಗೂ ಬರಲಿಲ್ಲ. ಪುಟ್ಟಿ ಎಳ್ಳುಬೆಲ್ಲದಲ್ಲಿ ನಿಮ್ಮ ಪಾಲು ತೆಗೆದಿಟ್ಟು, ಇರುವೆ ಮುತ್ತಿದ ಮೇಲೆ ಡಬ್ಬಿ ಹಿಡಿದುಕೊಂಡು ಅತ್ತಳು. ನಿಮಗೆ ಸಂಕಟವಾಗಲಿ ಎಂದೇ ಇದನ್ನು ಬರೆದಿದ್ದೇನೆ.

ಆ ಶುಕ್ರವಾರ ನಡೆದದ್ದು ನಿಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಿಮ್ಮ ತಲೆಯಲ್ಲಿ ಅದು ನಿಮ್ಮಪ್ಪ ಹೇಳಿದ ಹಾಗೆ ಕೂತುಬಿಟ್ಟಿದೆ, ಅದಕ್ಕೇ ನಡೆದ ಹಾಗೆ ನಾನು ಹೇಳುತ್ತೇನೆ, ಕೇಳಿ. ಕಬ್ಬಾಳಮ್ಮನಿಗೆ ಪೂಜೆ ಮಾಡಿಸಿಕೊಂಡು ನಮ್ಮದೇ ವ್ಯಾನಿನಲ್ಲಿ ಎಲ್ಲರೂ ವಾಪಸು ಬರುತ್ತಿದ್ದೆವು. ಹಳೇ ಹೈವೇಯಲ್ಲಿ ನಮ್ಮೂರಿಗೆ ತಿರುಗುವ ಕಡೆ ನೀವು ಗಾಡಿ ತಿರುಗಿಸಿದಿರಿ. ರಸ್ತೆಯ ನಡುವೆ ಇದ್ದಕ್ಕಿದ್ದಂತೆ ಅದು ತೆವಳಲು ಶುರುವಾಯಿತು. ನೀವು ಆಕ್ಸಿಲರೇಟರನ್ನು ನೆಲಕ್ಕೆ ಹತ್ತುವ ಹಾಗೆ ಅದುಮಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಹಿಂದಿನಿಂದ ಬಂದ ಟೆಂಪೊ ಗುದ್ದಿತು, ಹಿಂದಿನ ಸೀಟಿನಲ್ಲಿದ್ದ ಅತ್ತೆಯ ಕೈ ಮುರಿಯಿತು. "ಅದುಮುದ್ರೂ ಎತ್ತಲ್ಲ ಕಣಪ್ಪ, ಅದುಮುದ್ರೂ ಎತ್ತಲ್ಲ" ಎಂದು ನೀವು ರಸ್ತೆಯಲ್ಲಿ ನಿಂತು ಹೇಳಿದ್ದೇ ಹೇಳಿದ್ದು. ಅಷ್ಟರಲ್ಲಿ ಪಕ್ಕದ ಮನೆಯ ಸ್ವಾಮಿ ಓಡಿಬಂದ. ಕೀ ಆರಿಸಿ ಮತ್ತೆ ಹಾಕಿದ, ಆ ಹಾಳು ಗಾಡಿ ಏನೂ ಆಗೇ ಇಲ್ಲವೆಂಬಂತೆ ಹೊರಟುಬಿಟ್ಟಿತು. ನಿಮ್ಮಪ್ಪನಿಗೆ ಅಷ್ಟೇ ಸಾಕಾಯಿತು. "ನೋಡ್ಲಾ, ಗಾಡಿಗೇನಾಗೈತೆ? ತೂಕಡುಸ್ಕಂಡು ಹೆತ್ತವ್ವನ ಕೈ ಮುರ್ದ್‌ಬುಟ್ಟು ಎತ್ತಲ್ಲ ಅಂತೀಯ" ಎಂದು ಊರ ಜನರ ಮುಂದೆ ಅಂದರು. ನಾನು ಕಂಡದ್ದನ್ನು ಹೇಳಲು ಹೋದರೆ "ಗಂಡನ್ನ ಕಾಯ್ತಾವ್ಳೆ" ಎಂದು ಬಾಯಿ ಮುಚ್ಚಿಸಿದರು.

ಅವರು ಅಂದದ್ದಕ್ಕೆ ನನಗೆ ಸಿಟ್ಟಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ನಿಮ್ಮ ಮೇಲಿದೆ. ಅಂದು ಬೆಳಗಿನ ಪಾಳಿಗೆ ನೀವು ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಬಿಡದಿಗೆ ಬಿಟ್ಟು ಬಂದಿದ್ದಿರಿ, ನಿದ್ದೆ ಕಡಿಮೆಯಾಗಿತ್ತು, ಅದು ನಿಜ. ಆದರೆ ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಲೆ ತಗ್ಗಿಸಿಕೊಂಡು "ಇರ್ಬೋದು, ಕಣ್ಣತ್ತಿರ್ಬೋದು" ಎಂದಿರಲ್ಲ, ಆ ಮಾತಿಗೆ ನನ್ನ ಮೈ ಉರಿದುಹೋಯಿತು. ಕಣ್ಣು ಹತ್ತಿದವನು ಆಕ್ಸಿಲರೇಟರನ್ನು ಅಷ್ಟು ಬಲವಾಗಿ ಅದುಮುತ್ತಾನೆಯೇ? ಅಷ್ಟೂ ಯೋಚಿಸದೆ ಒಪ್ಪಿಕೊಂಡಿರಿ. ನಿಮ್ಮಪ್ಪ ನಿಮ್ಮ ಕೈಯನ್ನು ಅತ್ತೆಯ ಕಟ್ಟಿನ ಮೇಲೆ ಇಡಿಸಿ, ಇನ್ನು ಸ್ಟೇರಿಂಗ್ ಮುಟ್ಟಲ್ಲ ಎಂದು ಆಣೆ ಮಾಡಿಸಿದರು. ನೀವು ಅದನ್ನೂ ಮಾಡಿ, ಮಗಳಿಗೊಂದು ಮಾತು ಹೇಳದೆ ಸೋಲೂರಿನ ಬಸ್ಸು ಹತ್ತಿದಿರಿ.

ನೀವು ಹೋದ ಮೇಲೆ ಸ್ವಾಮಿಯೇ ವ್ಯಾನು ಓಡಿಸಿದ. ಮಾಗಡಿ ರಸ್ತೆಯ ಏರಿನಲ್ಲಿ ಒಂದು ದಿನ ಅದು ಅವನಿಗೂ ತೆವಳಿತು. ಹಿಂದೆ ಲಾರಿ ಇರಲಿಲ್ಲ, ಪುಣ್ಯ. ಮನೆಗೆ ಬಂದವನು ಬೆವರು ಒರೆಸಿಕೊಳ್ಳುತ್ತಾ "ಅದುಮುದ್ರೂ ಎತ್ತಲ್ಲ ಕಣಕ್ಕ" ಎಂದ. ನಿಮ್ಮ ಮಾತೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನಿಮ್ಮಪ್ಪ ಜಗಲಿಯ ಮೇಲೆ ಕೂತು ಅದನ್ನು ಕೇಳಿಸಿಕೊಂಡರು. ಮಗ ಹೇಳಿದ್ದು ನಿಜವಿತ್ತೇ ಎಂದು ಒಂದು ಮಾತು ಬರಲಿಲ್ಲ, "ಗಾಡಿಗೆ ದೃಷ್ಟಿ ಆಗೈತೆ" ಎಂದರು. ನಿಮಗೆ ಆದರೆ ನಿದ್ದೆ, ಸ್ವಾಮಿಗೆ ಆದರೆ ದೃಷ್ಟಿ.

ಮರುದಿನವೇ ಸ್ವಾಮಿಯನ್ನು ಕರೆದುಕೊಂಡು ರಾಮನಗರಕ್ಕೆ, ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರದ ಸಾಬೀರ್ ಗ್ಯಾರೇಜಿಗೆ ಹೋದೆ. ಸಾಬೀರ್ ಒಂದು ಯಂತ್ರ ಸಿಕ್ಕಿಸಿ ನೋಡಿ, ಥ್ರಾಟಲ್ ಸೆನ್ಸರ್ ಕೆಟ್ಟಿದೆ ಎಂದು ತೋರಿಸುತ್ತಿದೆ ಎಂದ. ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು ಎಷ್ಟು ತೆರೆದಿದೆ ಎಂಬುದನ್ನು ಗಾಡಿಯ ಕಂಪ್ಯೂಟರಿಗೆ ತಿಳಿಸುವುದು ಈ ಸೆನ್ಸರ್ ಅಂತೆ. ಅದರಿಂದ ತಪ್ಪು ಸುದ್ದಿ ಬಂದರೆ ಕಂಪ್ಯೂಟರ್ ಹೆದರಿ, ನೀವು ಎಷ್ಟು ಅದುಮಿದರೂ ಕಿವಿಗೆ ಹಾಕಿಕೊಳ್ಳದೆ ಎಂಜಿನ್ನನ್ನು ತೆವಳುವಷ್ಟಕ್ಕೇ ನಿಲ್ಲಿಸಿಬಿಡುತ್ತದಂತೆ. ಕೀ ಆರಿಸಿ ಹಾಕಿದರೆ ಎಷ್ಟೋ ಸಲ ತಾನಾಗಿಯೇ ಸರಿಹೋಗುತ್ತದಂತೆ. ಆ ಕಂಪ್ಯೂಟರನ್ನು ಯಾರೋ ನಿಮ್ಮಪ್ಪನನ್ನು ನೋಡಿಯೇ ಮಾಡಿರಬೇಕು. ಸುದ್ದಿ ತಪ್ಪೋ ಸರಿಯೋ ವಿಚಾರಿಸುವ ಗೋಜಿಲ್ಲ, ಮನುಷ್ಯನ ಕೈಕಾಲು ಕಟ್ಟಿ ಕೂರಿಸುವುದೊಂದೇ ಗೊತ್ತು.

ಸಾಬೀರ್ ಸೆನ್ಸರ್ ಬದಲಾಯಿಸಿ, ಮಾರುಕಟ್ಟೆಗೆ ಒಂದು ಸುತ್ತು ಹಾಕಿ, "ಇನ್ನೇನೂ ಆಗಲ್ಲ ಅಕ್ಕ" ಎಂದು ಕಳಿಸಿದ. ಅದೇ ವಾರ ಕಬ್ಬಾಳಿಗೆ ಬಾಡಿಗೆ ಹೋಗಿದ್ದ ಸ್ವಾಮಿಗೆ ಮತ್ತೆ ಅದೇ ಕಥೆ. ನಾನು ಗಾಡಿಯನ್ನು ವಾಪಸು ತೆಗೆಸಿಕೊಂಡು ಹೋಗಿ, ಸಾಬೀರನ ಅಂಗಳದ ಟೈರಿನ ಮೇಲೆ ಕೂತೆ. ನಿಜವಾದ ಕಾರಣ ಸಿಗುವವರೆಗೂ ಏಳುವುದಿಲ್ಲ ಎಂದೆ. "ಸ್ಕ್ಯಾನರ್ ಏನ್ ಹೇಳ್ತದೋ ನಾವು ಅದೇ ಮಾಡೋದು ಅಕ್ಕ" ಎಂದ. ಹೊಸ ಸೆನ್ಸರಿಗೂ ಅದೇ ರೋಗ ಬಂದರೆ ರೋಗ ಸೆನ್ಸರಿನದ್ದಲ್ಲ, ಅದಕ್ಕೆ ಬರುವ ವೈರಿನದ್ದು ಇರಬಾರದೇ ಎಂದು ಕೇಳಿದೆ. ಹೊಲಿಗೆ ಮೆಷಿನ್ನು ನಿಂತಾಗ ಮೋಟಾರು ಬದಲಾಯಿಸುವ ಮುಂಚೆ ಪ್ಲಗ್ಗು ಅಲ್ಲಾಡಿಸಿ ನೋಡುತ್ತೇನೆ, ಅಷ್ಟೇ ನನ್ನ ವಿದ್ಯೆ. ಅವನು ಮುಖ ಗಂಟಿಕ್ಕಿಕೊಂಡೇ ಮೀಟರ್ ತಂದ. ಸೆನ್ಸರಿಗೆ ಮೂರು ವೈರು. ಒಂದರಲ್ಲಿ ಕರೆಂಟು ಹೋಗುತ್ತದೆ, ಒಂದರಲ್ಲಿ ವಾಪಸು ಬರುತ್ತದೆ, ನಡುವಿನದು ಸುದ್ದಿ ಹೇಳುತ್ತದೆ. ನನ್ನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿ ಮೆಲ್ಲಗೆ ಅದುಮಲು ಹೇಳಿದ. ಮೀಟರಿನ ಅಂಕಿ ನಯವಾಗಿ ಏರಿತು, ನಯವಾಗಿ ಇಳಿಯಿತು. ಎಲ್ಲಾ ಸರಿಯಾಗಿದೆ ಎಂದು ಕೈ ಒರೆಸಿಕೊಂಡ. ನನಗೆ ಅಳು ಬರುವಷ್ಟು ಕೋಪ ಬಂತು.

ಆಗ ಹೊಳೆದದ್ದು ಸ್ವಾಮಿಗೆ. "ಎರಡ್ ಸಲವೂ ಗಾಡಿ ಕಾದಿತ್ತು ಕಣಣ್ಣ, ತಣ್ಣಗಿದ್ದಾಗ ಯಾವತ್ತೂ ಆಗಿಲ್ಲ" ಎಂದ. ನೀವೂ ಕಬ್ಬಾಳಿನಿಂದ ಅಷ್ಟು ದೂರ ಓಡಿಸಿಕೊಂಡು ಬಂದಿದ್ದಿರಲ್ಲ. ಮೂವರೂ ಗಾಡಿ ಹತ್ತಿ ಮಾಗಡಿ ರಸ್ತೆಯ ಏರು ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿ, ಎಂಜಿನ್ ಆರಿಸದೆ ಗ್ಯಾರೇಜಿಗೆ ತಂದೆವು. ಈ ಸಲ ಸಾಬೀರ್ ಕರೆಂಟು ವಾಪಸು ಬರುವ ವೈರಿಗೆ ಮೀಟರ್ ಹಿಡಿದ. ಅಲ್ಲಿ ಸೊನ್ನೆಯ ಹತ್ತಿರ ಇರಬೇಕಾದ ಅಂಕಿ ಏರಿ ಕುಣಿಯುತ್ತಿತ್ತು. ಕೈಯಿಂದ ವೈರು ಅಲ್ಲಾಡಿಸಿದ, ಎಂಜಿನ್ನಿನ ಸದ್ದು ಕುಸಿದು ಗಾಡಿ ಗೊಣಗಲು ಶುರುಮಾಡಿತು. ಹೋದ ಕರೆಂಟಿಗೆ ವಾಪಸು ಬರುವ ದಾರಿ ಕೆಟ್ಟಿದೆ, ಅದಕ್ಕೇ ಸುದ್ದಿ ತಪ್ಪಾಗುತ್ತಿದೆ ಎಂದ.

ಆ ವೈರುಗಳು ಎಂಜಿನ್ನಿನ ಹಿಂದೆ, ಸುಲಭಕ್ಕೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಸೇರುವ ಸಾಕೆಟ್ಟನ್ನು ಕಿತ್ತು ನೋಡಿದರೆ ಒಳಗಿನ ಪಿನ್ನು ಹಸಿರುಗಟ್ಟಿ ಪುಡಿಪುಡಿಯಾಗಿತ್ತು. ಮೇಲೆ ಅಂಟಂಟು. ಸಾಬೀರ್ ಸ್ಕ್ರೂಡ್ರೈವರ್ ತುದಿಯಿಂದ ಒಂದು ಬೀಜ ಎಬ್ಬಿಸಿ ಮೂಸಿ ನೋಡಿ, "ಇದೇನಕ್ಕ, ನಿಂಬೆಹಣ್ಣಿನ ಬೀಜ" ಎಂದು ನಗಲು ಶುರುಮಾಡಿದ. ಮೇಲಿನ ವೈರಿನ ಕಟ್ಟಿಗೆ ಅರಿಶಿನದ ದಾರದಲ್ಲಿ ಬಿಗಿದ ನಿಂಬೆಹಣ್ಣು, ಬೆಂದು ಕಪ್ಪಾಗಿ, ಇನ್ನೂ ರಸ ಜಿನುಗಿಸುತ್ತಿತ್ತು. ಅದರ ಪಕ್ಕ ಹಳೆಯ ದಾರಗಳು, ಒಣಗಿದ ಸಿಪ್ಪೆಗಳು. ನನಗೆ ನಗು ಬರಲಿಲ್ಲ. ಮುಂದೆ ಕಟ್ಟಿದರೆ ನಂಬರ್ ಪ್ಲೇಟ್ ಮುಚ್ಚುತ್ತದೆ ಎಂದು ಪೊಲೀಸರು ಹಿಡಿದ ಮೇಲೆ, ನೀವು ನಿಂಬೆಹಣ್ಣು ಕಟ್ಟುವುದನ್ನು ನಿಲ್ಲಿಸಿದಿರಿ. ನಿಮ್ಮಪ್ಪ ನಿಲ್ಲಿಸಿರಲಿಲ್ಲ, ಅತ್ತೆ ಆಮೇಲೆ ಹೇಳಿದರು. ಅಮಾವಾಸ್ಯೆ ಬಂದಾಗಲೆಲ್ಲ ನೀವು ಸ್ನಾನಕ್ಕೆ ಹೋದ ಹೊತ್ತು ನೋಡಿ ಬಾನೆಟ್ ಎತ್ತಿ, ಕೈಗೆ ಸಿಕ್ಕಿದ ವೈರಿಗೆ ಒಂದು ಹಣ್ಣು ಕಟ್ಟಿ ಮುಚ್ಚುತ್ತಿದ್ದರು. ಗಾಡಿಯಲ್ಲಿ ಉಪ್ಪಿನಕಾಯಿ ವಾಸನೆ ಬರುತ್ತದೆ ಎಂದು ಪುಟ್ಟಿ ಹೇಳುತ್ತಿದ್ದಾಗ ನಾವೆಲ್ಲ ನಗುತ್ತಿದ್ದೆವು. ಸ್ವಾಮಿಗೂ ಗಾಡಿ ತೆವಳಿದ ಮೇಲೆ ದೃಷ್ಟಿ ತೆಗೆಯಲೆಂದು ಕಬ್ಬಾಳಿನಿಂದ ಮಂತ್ರಿಸಿ ತರಿಸಿದ ದಪ್ಪ ಹಣ್ಣೂ ಅಲ್ಲಿಗೇ ಹೋಗಿತ್ತು. ಪುಟ್ಟಿ ಅಪ್ಪ, ಸರಿಯಾಗಿ ಓದಿಕೊಳ್ಳಿ. ನಿಮಗೆ ಕಣ್ಣು ಹತ್ತಿರಲಿಲ್ಲ. ನಿಮ್ಮವ್ವನ ಕೈ ನೀವು ಮುರಿಯಲಿಲ್ಲ. ಅದುಮಿದರೂ ಅದು ಎತ್ತಲಿಲ್ಲ.

ಸಾಬೀರ್ ಹೊಸ ಪಿನ್ನು ಹಾಕಿ, ಟೇಪು ಸುತ್ತಿ ಕೊಟ್ಟ. ಅಲ್ಲಿಂದೀಚೆಗೆ ಯಾವ ಏರಿನಲ್ಲೂ ಗಾಡಿ ಮಾತು ಮೀರಿಲ್ಲ. ನಾನು ಆ ಹಾಳಾದ ಸಾಕೆಟ್ಟು, ಬೀಜ, ದಾರ ಎಲ್ಲವನ್ನೂ ಮನೆಗೆ ತಂದು ನಿಮ್ಮಪ್ಪನ ಎಲೆಅಡಿಕೆ ತಟ್ಟೆಯಲ್ಲೇ ಇಟ್ಟೆ. ಸೊಸೆಯಾದವಳು ಹಾಗೆ ಮಾಡಬಾರದಿತ್ತು, ಮಾಡಿದೆ. ನಡೆದದ್ದನ್ನು ಹೇಳಿದೆ. ದಾರ ಎತ್ತಿ ನೋಡಿದರು. "ದೇವ್ರ ಹಣ್ಣು ಕೆಟ್ಟದ್ ಮಾಡ್ತದಾ" ಎಂದರು. ದೇವರ ಹಣ್ಣಾದರೂ ಹುಳಿ ಹುಳಿಯೇ ಮಾವ, ಪಾತ್ರೆಯ ಕಿಲುಬು ಹುಣಸೆಹಣ್ಣಿನಲ್ಲಿ ಹೋಗುವುದು ಹೇಗೆ ಎಂದು ಕೇಳಿದೆ. ಟವಲ್ಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋದರು, ಊಟಕ್ಕೂ ಬರಲಿಲ್ಲ. ಇವತ್ತಿನವರೆಗೂ ಆ ವಿಷಯಕ್ಕೆ ಬಾಯಿ ಬಿಟ್ಟಿಲ್ಲ. ಊರ ಮುಂದೆ ಬೈಯಲು ಇದ್ದ ಬಾಯಿ ಈಗ ಎಲ್ಲಿ ಹೋಯಿತು? ಒಂದು ಫೋನ್ ಮಾಡಿ ಮಗನೇ ಬಾ ಎನ್ನಲು ಅವರಿಗೆ ಆಗುವುದಿಲ್ಲ, ಬರಲು ನಿಮಗೆ ಆಗುವುದಿಲ್ಲ. ಅಪ್ಪ ಮಗನ ಈ ಬಿಗುಮಾನದ ನಡುವೆ ನಾನೂ ನನ್ನ ಮಗಳೂ ಅರೆದುಹೋಗುತ್ತಿದ್ದೇವೆ.

ಆಣೆಯ ಮಾತು ತೆಗೆಯುತ್ತೀರಿ, ಗೊತ್ತು. ಅದಕ್ಕೆ ಅತ್ತೆ ಹೇಳಿದ್ದನ್ನು ಅವರ ಬಾಯಲ್ಲೇ ಬರೆಯುತ್ತೇನೆ. "ನನ್ ಕೈ ಮ್ಯಾಲ್ ಆಣೆ ಇಡುಸ್ದಾಗ ನನ್ನೇನಾರ ಕೇಳಿದ್ರಾ? ನನ್ ಕೈ, ನಾನ್ ಬಿಡ್ಸಿವ್ನಿ ಅಂತ ಬರಿ. ಅವ್ನು ಮನೆಗ್ ಬರ್ದಿದ್ರೆ ಈ ಕೈಲೇ ಬಾರಿಸ್ತೀನಿ ಅಂತ್ಲೂ ಬರಿ." ಆ ಕೈಗೆ ಇನ್ನೂ ಅಷ್ಟು ಶಕ್ತಿ ಬಂದಿಲ್ಲ, ಆದರೂ ಪ್ರಯತ್ನಿಸಿಯಾರು. ನೀವು ಬನ್ನಿ. ನಿಮ್ಮ ಗಾಡಿ, ನಿಮ್ಮ ಸೀಟು, ನೀವೇ ಓಡಿಸಿ. ಬೈಯುವುದು ಇನ್ನೂ ಬೇಕಾದಷ್ಟಿದೆ, ಎದುರಿಗೆ ಕೂರಿಸಿಕೊಂಡು ಬೈಯುತ್ತೇನೆ.

ದೊಡ್ಡಮ್ಮನಿಗೆ ನಮಸ್ಕಾರ ತಿಳಿಸಿ. ಅತ್ತೆಯ ಆಶೀರ್ವಾದ ಇದರೊಳಗಿದೆ, ಪುಟ್ಟಿಯ ಮುತ್ತೂ ಇದೆ. ನನ್ನದು ಸದ್ಯಕ್ಕೆ ಕೋಪ ಮಾತ್ರ.

ಆದರೂ ನಿಮ್ಮವಳೇ,
ದಿವ್ಯ

ತಾ.ಕ.: ಕಾಗದ ಮಡಿಸುತ್ತಿದ್ದೆ. ನಿಮ್ಮಪ್ಪ ಬಂದು ಕಂಬಕ್ಕೆ ಒರಗಿ ಕೂತು, ಏನು ಬರೆದಿದ್ದೀಯ ಓದು ಎಂದರು. ಅವರಿಗೆ ಅಕ್ಷರ ಬರುವುದಿಲ್ಲ, ಬೇಕಾದ್ದನ್ನು ಬಿಟ್ಟು ಓದಬಹುದಿತ್ತು. ಬಿಡಲಿಲ್ಲ, ಕಂಪ್ಯೂಟರಿಗೆ ಅವರನ್ನು ಹೋಲಿಸಿದ ಮಾತನ್ನೂ ಸೇರಿಸಿ ಪೂರ್ತಿ ಓದಿದೆ. ಕೇಳಿ ಮುಗಿಸಿ ಕೈ ಚಾಚಿದರು. ಹರಿದುಹಾಕುತ್ತಾರೆ ಎಂದುಕೊಂಡೆ. "ಒಂದಕ್ಸರಾನೂ ಹೊಡ್ದಾಕ್ಬೇಡ ಕಣವ್ವ. ನಂಗೆ ಹೇಳಕ್ ಬರಾಕಿಲ್ಲ, ಇದ್ನೇ ತಕೊಂಡೋಗಿ ಕೊಡ್ತೀನಿ" ಎಂದರು. ಬಿಳೀ ಪಂಚೆ ಉಟ್ಟು ನಿಂತಿದ್ದಾರೆ, ಬಸ್ಸಿಗೆ ಹೊತ್ತಾಯಿತು. ಅಂದರೆ ಈ ಕಾಗದ ನಿಮ್ಮ ಕೈಗೆ ಕೊಟ್ಟವರು ಅವರೇ. ನೀವು ಇಷ್ಟು ಹೊತ್ತು ಓದುತ್ತಿದ್ದರೆ ಅವರು ಇನ್ನೂ ಹೊರಗೇ ನಿಂತಿರುತ್ತಾರೆ. ಮೊದಲು ಒಳಗೆ ಕರೆಯಿರಿ.