ಅರ್ಧ ರಸ, ಪೂರ್ತಿ ವಿಷ

ಫೆಬ್ರವರಿ 31, 2391
ಗಣಿಹೊಂಡದ ಊರು

ಇನ್ನೂ ಹುಟ್ಟದ ನನ್ನ ಮರಿಮಕ್ಕಳಿಗೆ ಹೊನ್ನೂರಪ್ಪನ ಆಶೀರ್ವಾದ. ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದಿದ್ದರೆ, ನನ್ನ ಮಾತು ವಿಚಿತ್ರವೆನಿಸಿದರೆ, ಕ್ಷಮೆಯಿರಲಿ. ನಾನು ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯಲ್ಲಿ ಮೊದಲಿಗನಾಗಿ ಬಂದವನು. ತರಗತಿಯಲ್ಲಿ ಇದ್ದವರು ಇಬ್ಬರೇ ಎಂಬುದು ಬೇರೆ ಮಾತು.

ನಾವು ಕುಡಿಯುವುದು ಹಳೆಯ ಗಣಿಹೊಂಡದ ನೀರು. ಹಿರಿಯರು ಬಿಟ್ಟುಹೋದ ಯಂತ್ರಗಳ ಎಣ್ಣೆಯ ವಿಷ ಅದರಲ್ಲಿ ಕಣ್ಣಿಗೆ ಕಾಣದಂತೆ ಬೆರೆತಿದೆ. ಅದಕ್ಕೇ ದಿನಕ್ಕೊಂದು ಮನೆಯವರು ಅಂಟುವಾಳದ ಕಾಯಿ ಕುದಿಸಿ ನಾಲ್ಕು ಕೊಡ ರಸವನ್ನು ಊರ ನೀರಿನ ತೊಟ್ಟಿಗೆ ಸುರಿಯಬೇಕು. ರಸದ ಒಂದೊಂದು ಕಣಕ್ಕೂ ನೀರಿಗೆ ಒಲಿಯುವ ತಲೆ, ನೀರಿಗೆ ಹೆದರುವ ಬಾಲ. ಕಡಿಮೆಯಿದ್ದರೆ ಅವು ಒಂಟಿಯಾಗಿ ಅಲೆಯುತ್ತವೆ. ಒಂದು ಮಿತಿ ದಾಟಿದರೆ ಯಾರೂ ಹೇಳದೆ ಬಾಲ ಒಳಗೆ, ತಲೆ ಹೊರಗೆ ಮಾಡಿಕೊಂಡು ಗುಂಡು ಕಟ್ಟುತ್ತವೆ. ಅದನ್ನು ನಾವು ಕೂಡುಗುಂಡು ಎನ್ನುತ್ತೇವೆ. ಆ ಮಿತಿಗೆ ಕೂಡುಮಿತಿ. ವಿಷ ಗುಂಡಿನ ಹೊಟ್ಟೆ ಸೇರುತ್ತದೆ, ಗುಂಡು ಸಣ್ಣಕಣ್ಣಿನ ಜರಡಿಯಲ್ಲಿ ಸಿಕ್ಕಿಬೀಳುತ್ತದೆ.

ನಿನ್ನೆ ನಮ್ಮ ಸರದಿ. ಕಾಯಿ ಸಾಲದೆ ಎರಡೇ ಕೊಡ ರಸ ಬಂತು. ಇಷ್ಟೇ ಇದೆಯೆಂದು ಹೇಳಿದ್ದರೆ ತೊಟ್ಟಿಗೆ ಅರ್ಧ ನೀರನ್ನಷ್ಟೇ ಬಿಡುತ್ತಿದ್ದರು. ಆದರೆ ಊರೆಲ್ಲ ನೋಡುವಾಗ ಹೊನ್ನೂರಪ್ಪ ಎರಡೇ ಕೊಡ ಹೊರುವುದೆ? ನೀರು ಬೆರೆಸಿ ನಾಲ್ಕು ಮಾಡಿದೆ. ಅರ್ಧ ರಸ ಅರ್ಧ ಕೆಲಸವನ್ನಾದರೂ ಮಾಡೀತು ಎಂದುಕೊಂಡೆ.

ಇಂದು ಬೆಳಗ್ಗೆ ಜರಡಿ ಎತ್ತಿದರು. ದಿನವೂ ಕಂದು ಲೋಳೆ ಕಟ್ಟುವ ಜರಡಿ ಇಂದು ತೊಳೆದಿಟ್ಟಂತೆ ಸ್ವಚ್ಛವಾಗಿತ್ತು. ಪಕ್ಕದ ಮನೆಯ ಬಸೆಟ್ಟೆಪ್ಪ ನನ್ನ ಬೆನ್ನು ತಟ್ಟಿ, “ಜರಡಿ ಹೆಂಗ ಹೊಳಿತೈತಿ ನೋಡ್ರಪ್ಪ, ಇವನ ರಸ ಅಂದ್ರ ರಸ,” ಎಂದ. ನನಗೆ ಮಾತ್ರ ಗೊತ್ತಾಯಿತು, ರಸ ಕೂಡುಮಿತಿ ಮುಟ್ಟಿರಲಿಲ್ಲ. ಒಂದು ಗುಂಡೂ ಕಟ್ಟಿರಲಿಲ್ಲ. ವಿಷ ಅಷ್ಟೂ ಜರಡಿ ದಾಟಿ ಕೆಳಗಿಳಿದಿತ್ತು.

ಮೊದಲ ಲೋಟವನ್ನು ನೀರು ಕಾಯುವವರು ಎಲ್ಲರೆದುರು ಕುಡಿಯಬೇಕೆಂಬುದು ನಮ್ಮಲ್ಲಿ ಪದ್ಧತಿ. ಈಗ ನೀರು ಕಾಯುವವಳು ನನ್ನ ಅಕ್ಕನ ಮಗಳು ಹುಲಿಗೆಮ್ಮ. ಲೋಟ ಅವಳ ತುಟಿಯ ಹತ್ತಿರ ಹೋಗಿತ್ತು.

“ಹುಲಿಗಿ, ಕುಡೀಬ್ಯಾಡ. ನಾ ರಸಕ್ಕ ನೀರು ಬೆರೆಸೀನಿ.”

“ಎಷ್ಟು ಮಾಮಾ?”

“ಅರ್ಧಕ್ಕರ್ಧ.”

ಅವಳು ಬೈಯಲಿಲ್ಲ. ಲೋಟ ಕೆಳಗಿಟ್ಟು, “ನಾಳಿಂದ ಮೊದಲ್ನೇ ಲೋಟ ನೀ ಕುಡಿ. ನಾ ಎದುರಿಗೆ ನಿಂತಿರ್ತೀನಿ,” ಎಂದಳು.

ಈ ದಿನದ ಸರದಿ ಬಸೆಟ್ಟೆಪ್ಪನದು. ಅವನ ಮನೆಯಲ್ಲೂ ಕಾಯಿ ಕಡಿಮೆಯೆಂದು ನನಗೆ ಗೊತ್ತು. ಮಧ್ಯಾಹ್ನದಿಂದ ಅವನ ಬಾಗಿಲಲ್ಲೇ ಕೂತು ಈ ಕಾಗದ ಬರೆಯುತ್ತಿದ್ದೇನೆ. ಒಳಗೆ ಕೊಡಕ್ಕೆ ಏನೋ ಸುರಿಯುವ ಸದ್ದು ಕೇಳುತ್ತಿದೆ; ರಸವೋ ನೀರೋ, ಎದ್ದು ನೋಡಬೇಕು. ಮಕ್ಕಳೇ, ನಿಮ್ಮ ಸರದಿ ಬಂದ ದಿನ ಮೊದಲ ಲೋಟ ಯಾರದೆಂದು ಕೇಳಿ, ಅವರ ಮುಖ ನೋಡಿ, ಆಮೇಲೆ ಸುರಿಯಿರಿ.